ಕಾಲಿನ ವೇನ್ ಗಾಯಗಳ ಕೋಡಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಆಸ್ಪತ್ರೆಗಳ ಚಾರ್ಟ್‌ಗೆ, ಅಂದರೆ ರೋಗಿಯ ದಾಖಲೆಗೆ, ಇಲ್ಲಿ ಕೂತು ಕೋಡ್ ಹಾಕುವವರು ನಮ್ಮಲ್ಲಿ ಈಗ ತುಂಬಾ ಜನ. ಟ್ರಾಮಾ ಚಾರ್ಟ್ ಬಂದರೆ ಮೂಳೆ ಮುರಿತಕ್ಕೆ ಯಾರೂ ಹೆದರುವುದಿಲ್ಲ. ರಕ್ತನಾಳ ಬಂತೋ, ಕುರ್ಚಿ ತಿರುಗಿಸಿ ಪಕ್ಕದವರನ್ನು ಕೇಳುತ್ತಾರೆ. ಅದರಲ್ಲೂ ಕಾಲಿನ ವೇನ್ ಅಂದರೆ ತಲೆನೋವು. ಹೊಸಬರು ನನ್ನ ಹತ್ತಿರ ತರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಎಲ್ಲವೂ ಅಮೆರಿಕದ ಐಸಿಡಿ-10-ಸಿಎಂ, ಅಂದರೆ ರೋಗ ಮತ್ತು ಗಾಯಗಳ ಕೋಡ್ ಪಟ್ಟಿಯ ಲೆಕ್ಕದಲ್ಲಿ. ಕೋಡ್‌ನ ಅಕ್ಷರಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಸಿಸ್ಟಮ್‌ಗೆ ಹಾಕುವಾಗ ಅವು ಇಂಗ್ಲಿಷಿನಲ್ಲಿ ಹೋಗಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ.

ವೇನ್, ಆರ್ಟರಿ, ನರ್ವ್: ನಮಗೆ ಮೂರೂ "ನರ" ತಾನೇ?

ಮನೆಯಲ್ಲಿ ಹೌದು. "ಕಾಲಿನ ನರ ಉಬ್ಬಿದೆ" ಅಂದರೆ ವೇರಿಕೋಸ್ ವೇನ್. "ನರ ಎಳೀತಿದೆ" ಅಂದರೆ ನರ್ವ್, ಇಲ್ಲಾ ಸ್ನಾಯು. "ನರ ಕಟ್ ಆಯ್ತು, ರಕ್ತ ಚಿಮ್ಮಿತು" ಅಂದರೆ ಬಹುಶಃ ಆರ್ಟರಿ. ಕೋಡಿಂಗ್‌ನಲ್ಲಿ ಮೂರಕ್ಕೂ ಬೇರೆ ಬೇರೆ ಮನೆ: ಆರ್ಟರಿ ಹೃದಯದಿಂದ ರಕ್ತ ಒಯ್ಯುವ ನಾಳ, ವೇನ್ ಹೃದಯಕ್ಕೆ ವಾಪಸ್ ತರುವ ನಾಳ, ನರ್ವ್ ಸಂವೇದನೆಯ ತಂತು. ಸಫೀನಸ್ ಅನ್ನುವ ಹೆಸರಿನಲ್ಲಿ ವೇನ್ ಕೂಡ ಇದೆ, ನರ್ವ್ ಕೂಡ ಇದೆ. ಮಂಡಿಯ ಕೆಳಗೆ ಎರಡೂ ಅಕ್ಕಪಕ್ಕದಲ್ಲೇ ಹೋಗುತ್ತವೆ, ಒಂದೇ ಗಾಯದಲ್ಲಿ ಎರಡೂ ತುಂಡಾಗಬಹುದು. ಪದದ ಮೊದಲ ಅರ್ಧ ಓದಿ ಕೋಡ್ ಹುಡುಕಬೇಡಿ. ವೇನ್ ಆದರೆ ಎಸ್85, ಅದೇ ಜಾಗದ ನರ್ವ್ ಆದರೆ ಎಸ್84.

ಕಾಲಿನ ವೇನ್ ಗಾಯಕ್ಕೆ ಯಾವ ಯಾವ ಗುಂಪು ನೋಡಬೇಕು?

ಮೂರು. ಸೊಂಟ ಮತ್ತು ತೊಡೆಗೆ ಎಸ್75. ಮಂಡಿಯಿಂದ ಕೆಳಕ್ಕೆ ಎಸ್85. ಪಾದದ ಗಂಟು ಮತ್ತು ಪಾದಕ್ಕೆ ಎಸ್95.

ತೊಡೆಯಲ್ಲಿ ಫೆಮೊರಲ್ ವೇನ್ ಎಸ್75.1, ಗ್ರೇಟರ್ ಸಫೀನಸ್ ವೇನ್ ಎಸ್75.2. ಕೆಳಗಾಲಿನಲ್ಲಿ ಗ್ರೇಟರ್ ಸಫೀನಸ್ ಎಸ್85.3, ಲೆಸ್ಸರ್ ಸಫೀನಸ್ ಎಸ್85.4, ಪಾಪ್ಲಿಟಿಯಲ್ ವೇನ್ ಎಸ್85.5. ಪಾದದ ಮೇಲ್ಭಾಗದ ಡಾರ್ಸಲ್ ವೇನ್ ಎಸ್95.2. ಹೆಸರಿದ್ದೂ ಪಟ್ಟಿಯಲ್ಲಿ ಜಾಗ ಇಲ್ಲದ ನಾಳಗಳಿಗೆ ಮೂರೂ ಗುಂಪಿನಲ್ಲಿ .8 ಇದೆ. ಹೆಸರೇ ಇಲ್ಲದವಕ್ಕೆ .9.

ಗಮನಿಸಿದಿರಾ, ಗ್ರೇಟರ್ ಸಫೀನಸ್ ಎರಡು ಕಡೆ ಬಂತು. ಅದು ಪಾದದ ಗಂಟಿನ ಒಳಬದಿಯ ಮುಂಭಾಗದಿಂದ ಹೊರಟು, ಕಾಲಿನ ಒಳಗಡೆಯಿಂದಲೇ ಮೇಲೆ ಹತ್ತಿ, ತೊಡೆಸಂದಿಯಲ್ಲಿ ಫೆಮೊರಲ್ ವೇನ್‌ಗೆ ಸೇರುತ್ತದೆ. ಅಷ್ಟುದ್ದದ ನಾಳ. ಹಾಗಾಗಿ ಹೆಸರು ಗೊತ್ತಾದರೆ ಸಾಲದು, ಎಲ್ಲಿ ಕತ್ತರಿಸಿದೆ ಅಂತಲೂ ಬೇಕು. ಲೆಸ್ಸರ್ ಸಫೀನಸ್‌ಗೆ ಈ ಗೊಂದಲ ಇಲ್ಲ. ಅದು ಹೊರಬದಿಯ ಗಂಟಿನ ಹಿಂದಿನಿಂದ ಮೀನಖಂಡದ ಮೇಲೆ ಹತ್ತಿ ಸಾಮಾನ್ಯವಾಗಿ ಮಂಡಿಯ ಹಿಂದೆ ಪಾಪ್ಲಿಟಿಯಲ್ ವೇನ್‌ಗೆ ಸೇರುತ್ತದೆ.

ಪಾಪ್ಲಿಟಿಯಲ್ ವೇನ್ ಮಂಡಿಯ ಹಿಂದೆ ಇದೆಯಲ್ಲ, ತೊಡೆಗೆ ಹಾಕಬಾರದಾ?

ಬಾರದು. ಐಸಿಡಿ-10-ಸಿಎಂ ಅದನ್ನು ಕೆಳಗಾಲಿನ ಲೆಕ್ಕಕ್ಕೆ ಸೇರಿಸಿದೆ. ಮುಗಿಯಿತು.

ಡಾಕ್ಟರ್ ಬರೀ "ಸಫೀನಸ್ ವೇನ್ ಇಂಜುರಿ" ಅಂತ ಬರೆದಿದ್ದಾರೆ. ಗ್ರೇಟರೋ ಲೆಸ್ಸರೋ, ತೊಡೆಯೋ ಕೆಳಗಾಲೋ ಗೊತ್ತಿಲ್ಲ.

ಎಸ್85.3ರ ಕೆಳಗೆ ಟ್ಯಾಬ್ಯುಲರ್ ಲಿಸ್ಟ್‌ನಲ್ಲೇ, ಅಂದರೆ ಕೋಡ್‌ಗಳನ್ನು ಕ್ರಮವಾಗಿ ಜೋಡಿಸಿದ ಪಟ್ಟಿಯಲ್ಲೇ, ಇದಕ್ಕೆ ಉತ್ತರ ಇದೆ. ಬೇರೇನೂ ಹೇಳದ ಸಫೀನಸ್ ವೇನ್ ಗಾಯ, ಬೇರೇನೂ ಹೇಳದ ಗ್ರೇಟರ್ ಸಫೀನಸ್ ಗಾಯ, ಎರಡೂ ಅಲ್ಲಿಗೇ ಹೋಗುತ್ತವೆ. ತೊಡೆ ಅಂತ ಎಲ್ಲೂ ಬರೆದಿಲ್ಲದಿದ್ದರೆ ಎಸ್75.2 ಮುಟ್ಟುವ ಹಾಗಿಲ್ಲ.

ಇದನ್ನು ನಾನು ಕಲಿತದ್ದು ಏಟು ತಿಂದು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ಚಾರ್ಟ್‌ನಲ್ಲಿ "ಸಫೀನಸ್ ವೇನ್ ಲ್ಯಾಸರೇಷನ್", ಅಂದರೆ ಸೀಳು ಗಾಯ ಅಂತ ಇತ್ತು. ಪೇಶಂಟ್ ಬೇಲಿ ಹಾರುವಾಗ ಬಿದ್ದಿದ್ದ. ಬೇಲಿ ಹಾರುವಾಗ ತೊಡೆಗೇ ತಾನೇ ಏಟು ಬೀಳೋದು ಅಂತ ನನ್ನಷ್ಟಕ್ಕೆ ನಾನೇ ತೀರ್ಮಾನಿಸಿ ತೊಡೆಯ ಕೋಡ್ ಹಾಕಿದೆ. ಆಡಿಟ್‌ನಲ್ಲಿ ವಾಪಸ್ ಬಂತು. ಆಡಿಟರ್ ಬರೆದಿದ್ದು ಒಂದೇ ಸಾಲು: "ತೊಡೆ ಅಂತ ಎಲ್ಲಿದೆ ತೋರಿಸಿ." ನಾನು ಚಾರ್ಟ್ ಪೂರ್ತಿ ಹುಡುಕಿದೆ. ಎಲ್ಲೂ ಇರಲಿಲ್ಲ. ಇದ್ದದ್ದು ನನ್ನ ತಲೆಯಲ್ಲಿ.

ಹಾಗಂತ ಡೀಫಾಲ್ಟ್ ಇದೆ ಅಂತ ಸುಮ್ನೆ ಅದಕ್ಕೇ ಬೀಳಬೇಡಿ. ಆಪರೇಷನ್ ನೋಟ್ ಇದ್ದರೆ ಅಲ್ಲಿ ಜಾಗ ಬರೆದಿರುತ್ತಾರೆ. ಅದನ್ನು ಓದದೆ ಎಮರ್ಜೆನ್ಸಿ ನೋಟ್‌ನ ಮೇಲೆ ಕೋಡ್ ಹಾಕುವುದು ಸೋಮಾರಿತನ.

"ಎಲ್‌ಎಸ್‌ವಿ" ಅಂತ ಬರೆದಿದ್ದಾರೆ. ಲೆಸ್ಸರ್ ಸಫೀನಸ್ ಅಂತ ತಗೊಳ್ಳಲಾ?

ತಗೊಳ್ಳಬೇಡಿ! ಇದು ಈ ವಿಷಯದಲ್ಲೇ ದೊಡ್ಡ ಗುಂಡಿ. ಕೆಲವರಿಗೆ ಎಲ್‌ಎಸ್‌ವಿ ಅಂದರೆ ಲೆಸ್ಸರ್ ಸಫೀನಸ್, ಅಂದರೆ ಚಿಕ್ಕದು. ಬ್ರಿಟಿಷ್ ಪದ್ಧತಿಯಲ್ಲಿ ಓದಿದವರಿಗೆ ಅದೇ ಎಲ್‌ಎಸ್‌ವಿ ಲಾಂಗ್ ಸಫೀನಸ್, ಅಂದರೆ ದೊಡ್ಡದು. ನಮ್ಮ ಊರಿನ ಸರ್ಜನ್‌ಗಳೂ ಲಾಂಗ್, ಶಾರ್ಟ್ ಅಂತ ಹೇಳುವುದೇ ಜಾಸ್ತಿ. ಒಂದೇ ಮೂರಕ್ಷರ, ಎರಡು ಬೇರೆ ನಾಳ. ಈಗ ಗ್ರೇಟ್ ಮತ್ತು ಸ್ಮಾಲ್ ಸಫೀನಸ್ ಅನ್ನುವ ಹೆಸರನ್ನೇ ಬಳಸಿ ಅಂತ ವೈದ್ಯರಿಗೂ ಹೇಳುತ್ತಾರೆ. ಗ್ರೇಟ್, ಗ್ರೇಟರ್, ಲಾಂಗ್ ಮೂರೂ ಒಂದೇ. ಸ್ಮಾಲ್, ಲೆಸ್ಸರ್, ಶಾರ್ಟ್ ಮೂರೂ ಒಂದೇ.

ಚಾರ್ಟ್‌ನಲ್ಲಿ ಇನ್ನೊಂದು ಕಡೆ ಪೂರ್ತಿ ಹೆಸರು ಸಿಕ್ಕರೆ ಸರಿ. ಇಲ್ಲದಿದ್ದರೆ ಡಾಕ್ಟರಿಗೆ ಕ್ವೆರಿ, ಅಂದರೆ ಸ್ಪಷ್ಟನೆ ಕೇಳುವ ಲಿಖಿತ ಪ್ರಶ್ನೆ, ಕಳಿಸಿ. ಗಾಯ ಒಳಬದಿಯಲ್ಲಿದೆ, ಹಾಗಾಗಿ ದೊಡ್ಡದೇ ಇರಬೇಕು ಅನ್ನುವ ಅಂಗರಚನೆಯ ಪಾಂಡಿತ್ಯ ಕ್ವೆರಿ ಬರೆಯುವುದಕ್ಕೆ ಉಪಯೋಗ, ಕೋಡ್ ಹಾಕುವುದಕ್ಕಲ್ಲ.

ಇಂಥದ್ದೇ ಇನ್ನೊಂದು: "ಸೂಪರ್‌ಫಿಶಿಯಲ್ ಫೆಮೊರಲ್ ವೇನ್". ಹೆಸರಲ್ಲಿ ಸೂಪರ್‌ಫಿಶಿಯಲ್ ಇದ್ದರೂ ಅದು ಆಳದ ವೇನ್. ಫೆಮೊರಲ್ ವೇನ್‌ನದೇ ಹಳೆ ಹೆಸರು. ಎಸ್75.1ಕ್ಕೆ ಹೋಗುತ್ತದೆ.

ಟಿಬಿಯಲ್ ವೇನ್‌ಗೆ ಕೋಡ್ ಸಿಗುತ್ತಿಲ್ಲ. ಎಸ್85.1ರಲ್ಲಿ ಟಿಬಿಯಲ್ ಅಂತ ಇದೆಯಲ್ಲ?

ಅದು ಟಿಬಿಯಲ್ ಆರ್ಟರಿ. ಎಸ್85.2 ಪೆರೋನಿಯಲ್ ಆರ್ಟರಿ. ಟಿಬಿಯಲ್ ವೇನ್‌ಗೆ, ಪೆರೋನಿಯಲ್ ವೇನ್‌ಗೆ ಐಸಿಡಿ-10-ಸಿಎಂನಲ್ಲಿ ಸ್ವಂತ ಕೋಡ್ ಇಲ್ಲ. ಅವು ಎಸ್85.8ಕ್ಕೆ, ಅಂದರೆ ಕೆಳಗಾಲಿನ "ಇತರ ರಕ್ತನಾಳ"ಗಳ ಸಾಲಿಗೆ. ಮೀನಖಂಡದ ಒಳಗಿನ ಸೋಲಿಯಲ್ ವೇನ್, ಪರ್ಫೊರೇಟರ್ ವೇನ್ ಕೂಡ ಅಲ್ಲಿಗೇ.

ತಮಾಷೆ ಏನಂದರೆ ಹಳೆಯ ಐಸಿಡಿ-9ರಲ್ಲಿ ಇವಕ್ಕೆ ಜಾಗ ಇತ್ತು: ಆಂಟೀರಿಯರ್ ಟಿಬಿಯಲ್ ವೇನ್ 904.52, ಪೋಸ್ಟೀರಿಯರ್ ಟಿಬಿಯಲ್ ವೇನ್ 904.54. ಸಫೀನಸ್‌ಗೆ ಮಾತ್ರ ದೊಡ್ಡದು ಚಿಕ್ಕದು, ಮೇಲೆ ಕೆಳಗೆ ಯಾವುದನ್ನೂ ನೋಡದೆ ಒಂದೇ 904.3. 2015ರ ಅಕ್ಟೋಬರ್ 1ಕ್ಕೆ ಅಮೆರಿಕ ಐಸಿಡಿ-10-ಸಿಎಂಗೆ ಬದಲಾದಾಗ ಇದು ತಲೆಕೆಳಗಾಯಿತು. ಸಫೀನಸ್‌ಗೆ ವಿವರ ಬಂತು, ಟಿಬಿಯಲ್ ವೇನ್ "ಇತರ" ಆಯಿತು. ಹೊಸ ಪುಸ್ತಕ ಅಂದರೆ ಎಲ್ಲವೂ ಹೆಚ್ಚು ವಿವರವಾಗಿರುತ್ತದೆ ಅಂದುಕೊಳ್ಳುವವರಿಗೆ ನಾನು ಇದನ್ನೇ ತೋರಿಸುವುದು.

"ಪೋಸ್ಟೀರಿಯರ್ ಟಿಬಿಯಲ್ ವೆಸಲ್ಸ್" ಅಂತ ಬರೆದಿದ್ದರೆ? ಆರ್ಟರಿಯೋ, ವೇನೋ, ಎರಡೂನೋ? ಆಪರೇಷನ್ ನೋಟ್ ನೋಡಿ. ಅಲ್ಲೂ ಇಲ್ಲದಿದ್ದರೆ ಕ್ವೆರಿ.

ಲ್ಯಾಸರೇಷನ್‌ನಲ್ಲಿ ಮೈನರ್, ಮೇಜರ್ ಎಲ್ಲಿ ಬರುತ್ತದೆ?

ತೊಡೆಯಲ್ಲಿ ಮಾತ್ರ. ಎಸ್75ರ ಫೆಮೊರಲ್ ಮತ್ತು ಗ್ರೇಟರ್ ಸಫೀನಸ್ ವೇನ್‌ಗೆ ಐದನೇ ಸ್ಥಾನದಲ್ಲಿ 0 ಅಂದರೆ ವಿವರ ಇಲ್ಲದ ಗಾಯ, 1 ಮೈನರ್ ಲ್ಯಾಸರೇಷನ್, 2 ಮೇಜರ್ ಲ್ಯಾಸರೇಷನ್, 9 ಬೇರೆ ನಿರ್ದಿಷ್ಟ ಗಾಯ. ಕೆಳಗಾಲಿನ ವೇನ್‌ಗಳಲ್ಲಿ ಈ ಭಾಗ ಇಲ್ಲ. ಅಲ್ಲಿ 0, 1, 9 ಮಾತ್ರ. 1 ಅಂದರೆ ಲ್ಯಾಸರೇಷನ್, ಎಷ್ಟು ದೊಡ್ಡದಾದರೂ ಸರಿ.

ಡಾಕ್ಟರ್ "ಮೈನರ್" ಅನ್ನುವ ಪದವನ್ನೇ ಬರೆಯಬೇಕಾಗಿಲ್ಲ. ಫೆಮೊರಲ್ ವೇನ್ ಅರ್ಧ ಕತ್ತರಿಸಿದೆ, ಮೇಲ್ಮೇಲೆ ಸೀಳಿದೆ, ಅಥವಾ ಬರೀ ಲ್ಯಾಸರೇಷನ್ ಅಂತಷ್ಟೇ ಇದೆ ಅಂದರೆ ಮೈನರ್. ಪೂರ್ತಿ ತುಂಡಾಗಿದೆ ಅಥವಾ ಏಟಿಗೆ ಒಡೆದುಹೋಗಿದೆ ಅಂದರೆ ಮೇಜರ್. ಹೊಸಬರು ರಕ್ತ ಎಷ್ಟು ಹೋಯಿತು ಅನ್ನುವುದನ್ನು ನೋಡಿ ಮೇಜರ್ ಹಾಕುತ್ತಾರೆ. ನೋಡಬೇಕಾದ್ದು ರಕ್ತವನ್ನಲ್ಲ, ನಾಳ ಎಷ್ಟು ಕತ್ತರಿಸಿದೆ ಅನ್ನುವುದನ್ನು. ನಾಲ್ಕು ಯೂನಿಟ್ ರಕ್ತ ಕೊಟ್ಟಿದ್ದರೂ ಅರ್ಧ ಕತ್ತರಿಸಿದ್ದು ಮೈನರ್ರೇ.

ಎಡ, ಬಲ ಬರೆದಿಲ್ಲದಿದ್ದರೆ?

ಆರನೇ ಸ್ಥಾನ: 1 ಬಲ, 2 ಎಡ, 9 ಗೊತ್ತಿಲ್ಲ. ಎರಡೂ ಕಾಲಿಗೆ ಒಟ್ಟಿಗೆ ಒಂದು ಕೋಡ್ ಇಲ್ಲಿಲ್ಲ, ಎರಡು ಬೇರೆ ಕೋಡ್ ಹಾಕಿ.

9 ಹಾಕುವ ಮುಂಚೆ ಹುಡುಕಿ. ಮೊದಲು ಎಡ ಬಲಕ್ಕೂ ಡಾಕ್ಟರ್ ಬರಹವೇ ಬೇಕು ಅಂತ ಹಲವರು ಹಿಡಿದು ಕೂರುತ್ತಿದ್ದರು. ಈಗ ಗೈಡ್‌ಲೈನ್ಸೇ ಸಡಿಲ ಮಾಡಿದೆ. ಡಾಕ್ಟರ್ ಬರೆಯದಿದ್ದರೆ ಚಾರ್ಟ್‌ನಲ್ಲಿ ನರ್ಸ್ ಥರದ ಬೇರೆ ಕ್ಲಿನಿಷಿಯನ್ ಬರೆದದ್ದನ್ನು ನೋಡಿ ಎಡವೋ ಬಲವೋ ಹಾಕಬಹುದು. ಆದರೆ ನರ್ಸ್ ಎಡ, ಡಾಕ್ಟರ್ ಬಲ ಅಂತ ಜಗಳ ಬಂದರೆ ಡಾಕ್ಟರನ್ನೇ ಕೇಳಬೇಕು. ಇದು ಯಾವ ಕಡೆ ಅನ್ನುವುದಕ್ಕೆ ಮಾತ್ರ. ಯಾವ ವೇನ್, ಎಂಥ ಗಾಯ ಅನ್ನುವುದನ್ನು ನರ್ಸ್ ನೋಟ್‌ನಿಂದ ತೆಗೆಯುವ ಹಾಗಿಲ್ಲ.

ಕೊನೆಯ ಅಕ್ಷರ ಎ, ಡಿ, ಎಸ್: ಮೊದಲ ವಿಸಿಟ್ ಅಂದರೆ ಎ ತಾನೇ?

ಈ ಅರ್ಧ ಸತ್ಯ ಎಲ್ಲಿಂದ ಹುಟ್ಟಿತೋ, ಎಲ್ಲರ ಬಾಯಲ್ಲೂ ಇದೆ. "ಇನಿಷಿಯಲ್ ಎನ್‌ಕೌಂಟರ್" ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಎ ಅಂದರೆ ಗಾಯಕ್ಕೆ ಇನ್ನೂ ಸಕ್ರಿಯ ಚಿಕಿತ್ಸೆ ನಡೆಯುತ್ತಿದೆ ಅಂತ. ಎಮರ್ಜೆನ್ಸಿಯಲ್ಲಿ ರಕ್ತ ನಿಲ್ಲಿಸಿದವರು ಎ. ಅವರು ದೊಡ್ಡ ಆಸ್ಪತ್ರೆಗೆ ಕಳಿಸಿ, ಅಲ್ಲಿ ಮಾರನೇ ದಿನ ವ್ಯಾಸ್ಕ್ಯುಲರ್ ಸರ್ಜನ್ ವೇನ್ ರಿಪೇರಿ ಮಾಡಿದರೆ ಅವರದ್ದೂ ಎ. ಎಷ್ಟನೇ ಡಾಕ್ಟರ್, ಎಷ್ಟನೇ ದಿನ ಅನ್ನುವುದು ಲೆಕ್ಕಕ್ಕಿಲ್ಲ.

ರಿಪೇರಿ ಆಗಿ, ಗಾಯ ಮಾಯುತ್ತಿದ್ದು, ಹೊಲಿಗೆ ಬಿಚ್ಚಲು ಅಥವಾ ಸುಮ್ನೆ ನೋಡಿಸಿಕೊಳ್ಳಲು ಬಂದರೆ ಡಿ. ಅಲ್ಲಿ ಝಡ್ ಕೋಡ್‌ನ ಆಫ್ಟರ್‌ಕೇರ್ (ಚಿಕಿತ್ಸೆಯ ನಂತರದ ಆರೈಕೆ) ಹಾಕಬಾರದು. ಗಾಯದ ಕೋಡ್‌ಗೇ ಡಿ ಅಂಟಿಸಬೇಕು. ಎಸ್ ಬಗ್ಗೆ ಕೆಳಗೆ ಬರುತ್ತದೆ.

ಒಂದು ಚಾರ್ಟ್ ಮೊದಲಿಂದ ಕೊನೆವರೆಗೆ ಮಾಡಿ ತೋರಿಸಿ.

ಕಲಿಸುವುದಕ್ಕೆ ನಾನೇ ಕಟ್ಟಿದ ಚಾರ್ಟ್ ಇದು. ಹೆಂಗಸು, 46 ವರ್ಷ. ತನ್ನ ಮನೆಯ (ಒಂದೇ ಕುಟುಂಬದ ಪ್ರತ್ಯೇಕ ಮನೆ) ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಗಾಜಿನ ಬೇಕಿಂಗ್ ತಟ್ಟೆ ಕೈಜಾರಿ ಒಡೆಯಿತು. ಹಿಂದೆ ಸರಿಯಲು ಹೋಗಿ ಒದ್ದೆ ನೆಲದಲ್ಲಿ ಜಾರಿ ಗಾಜಿನ ಚೂರಿನ ಮೇಲೆ ಬಿದ್ದಳು. ಎಡಗಾಲಿನ ಒಳಬದಿ, ಮಂಡಿಯಿಂದ ಒಂದು ಗೇಣು ಕೆಳಗೆ ಸೀಳು ಗಾಯ. ಎಮರ್ಜೆನ್ಸಿ ಡಾಕ್ಟರ್ ಬರೆದದ್ದು: ಎಡ ಕೆಳಗಾಲಿನ ಲ್ಯಾಸರೇಷನ್, ಕಪ್ಪು ಕೆಂಪು ರಕ್ತ ಒಂದೇ ಸಮನೆ ಸುರಿಯುತ್ತಿದೆ, ಪಾದದ ಪಲ್ಸ್ ಚೆನ್ನಾಗಿದೆ. ಸರ್ಜನ್ ನೋಟ್: ಗ್ರೇಟರ್ ಸಫೀನಸ್ ವೇನ್ ಅರ್ಧಕ್ಕೂ ಹೆಚ್ಚು ಸೀಳಿದೆ, ರಿಪೇರಿ ಮಾಡಲಾಯಿತು. ಕೊನೆಯ ಪ್ಯಾರಾದ ಕೊನೆಯ ಸಾಲು: ಗಾಯದಿಂದ ಎರಡು ಗಾಜಿನ ಚೂರು ತೆಗೆಯಲಾಯಿತು.

ವೇನ್: ಗ್ರೇಟರ್ ಸಫೀನಸ್, ಕೆಳಗಾಲು, ಲ್ಯಾಸರೇಷನ್, ಎಡ, ಚಿಕಿತ್ಸೆ ನಡೆಯುತ್ತಿದೆ. ಎಸ್85.312ಎ.

ಎಸ್85ರ ಕೆಳಗೆ ಒಂದು ಸೂಚನೆ ಇದೆ: ಜೊತೆಗೆ ತೆರೆದ ಗಾಯ ಇದ್ದರೆ ಎಸ್81ನ್ನೂ ಹಾಕಿ ಅಂತ. ಎಷ್ಟೋ ಜನ ಇದನ್ನು ಬಿಡುತ್ತಾರೆ. ಇಲ್ಲಿ ಮೊದಲು ಕೈಗೆ ಬರುವುದು ಎಸ್81.812ಎ, ಅಂದರೆ ಎಡ ಕೆಳಗಾಲಿನ ಸೀಳು ಗಾಯ, ಒಳಗೆ ಹೊರವಸ್ತು ಇಲ್ಲ. ಆದರೆ ಆ ಕೊನೆಯ ಸಾಲು ಓದಿದಿರಲ್ಲ? ಗಾಜಿನ ಚೂರು ಸಿಕ್ಕಿದೆ. ಆಗ ಎಸ್81.822ಎ, ಹೊರವಸ್ತು ಇರುವ ಸೀಳು ಗಾಯ. ಒಂದೇ ಅಂಕಿ ಬದಲು. ಅದಕ್ಕೇ ಕೊನೆಯ ಸಾಲಿನವರೆಗೆ ಓದಿ ಅಂತ ಬಡಕೊಳ್ಳೋದು.

ಹೇಗಾಯಿತು: ಜಾರಿ ಬಿದ್ದು ಚೂಪು ಗಾಜಿಗೆ ತಾಗಿದ್ದು, ಡಬ್ಲ್ಯೂ01.110ಎ. ಗಾಜು ಅಂದ ತಕ್ಷಣ ಡಬ್ಲ್ಯೂ25ಕ್ಕೆ ಓಡಬೇಡಿ, ಇಲ್ಲಿ ಬೀಳುವುದು ಮೊದಲು. ಎಲ್ಲಿ: ಒಂದೇ ಕುಟುಂಬದ ಪ್ರತ್ಯೇಕ ಮನೆಯ ಅಡುಗೆಮನೆ, ವೈ92.010. ಏನು ಮಾಡುತ್ತಿದ್ದಳು: ಅಡುಗೆ ಮತ್ತು ತೊಳೆಯುವ ಕೆಲಸ, ವೈ93.ಜಿ1. ಜಾಗ ಮತ್ತು ಕೆಲಸದ ಕೋಡ್ ಮೊದಲ ಸಲ ಮಾತ್ರ, ಹೊಲಿಗೆ ಬಿಚ್ಚಲು ಬಂದಾಗ ಬೇಡ. ಈ ಹೊರಗಿನ ಕಾರಣದ ಕೋಡ್‌ಗಳು ದೇಶಕ್ಕೆಲ್ಲ ಕಡ್ಡಾಯ ಅಲ್ಲ, ರಾಜ್ಯ ಅಥವಾ ಪೇಯರ್ (ಬಿಲ್ ಹಣ ಕೊಡುವ ವಿಮೆಯವರು) ಕೇಳಿದರೆ ಕಡ್ಡಾಯ. ನಿಮ್ಮ ಕ್ಲೈಂಟ್ ಏನು ಹೇಳಿದ್ದಾರೆ ನೋಡಿಕೊಳ್ಳಿ.

ಇದರಲ್ಲಿ ಯಾವುದು ಮೊದಲು, ಗಾಯವೋ ವೇನೋ?

ಮುಖ್ಯ ಗಾಯ ಬೇರೆ ಇದ್ದು, ವೇನ್‌ಗೆ ಸಣ್ಣ ಹಾನಿ ಆಗಿದ್ದರೆ ಮುಖ್ಯ ಗಾಯ ಮೊದಲು, ವೇನ್ ಆಮೇಲೆ. ವೇನ್ ಗಾಯವೇ ಮುಖ್ಯ ಆಗಿದ್ದರೆ ವೇನ್ ಮೊದಲು. ಮೇಲಿನ ಚಾರ್ಟ್‌ನಲ್ಲಿ ಸರ್ಜನ್ ಬಂದದ್ದೇ ವೇನ್ ರಿಪೇರಿಗೆ, ಹಾಗಾಗಿ ಎಸ್85.312ಎ ಮೊದಲು. ಟಿಬಿಯಾ ಮುರಿದು ಹೊರಬಂದು, ಪಕ್ಕದ ಸಣ್ಣ ವೇನ್ ಒಂದು ಹರಿದಿದ್ದರೆ ಮುರಿತ ಮೊದಲು. ಅದೇ ಜಾಗದ ತರಚು ಗಾಯಕ್ಕೆ ಬೇರೆ ಕೋಡ್ ಬೇಡ.

ಎಮರ್ಜೆನ್ಸಿಯಲ್ಲಿ "ಬ್ಲೀಡರ್ ಕಟ್ಟಿ ಹೊಲಿಗೆ ಹಾಕಲಾಯಿತು" ಅಂತ ಇದೆ. ವೇನ್ ಗಾಯ ಅಂತ ಕೋಡ್ ಮಾಡಲಾ?

ಬ್ಲೀಡರ್ ಅನ್ನುವುದು ಡಯಾಗ್ನೋಸಿಸ್ ಅಲ್ಲ. ಯಾವ ಗಾಯದಲ್ಲೂ ಒಂದೆರಡು ಸಣ್ಣ ನಾಳ ಕತ್ತರಿಸಿರುತ್ತದೆ. ಡಾಕ್ಟರ್ ಅದನ್ನು ರಕ್ತನಾಳದ ಗಾಯ ಅಂತ ಕರೆದಿಲ್ಲದಿದ್ದರೆ ಎಸ್81 ಒಂದೇ ಸಾಕು. ಸಿಪಿಟಿ, ಅಂದರೆ ಮಾಡಿದ ಚಿಕಿತ್ಸೆಗೆ ಹಾಕುವ ಕೋಡ್‌ಗಳ ಕಡೆಯಲ್ಲೂ ಇದೇ ಮಾತು. ತೆರೆದ ಗಾಯದೊಳಗೆ ನಾಳವನ್ನು ಸುಮ್ನೆ ಕಟ್ಟಿದ್ದು ಗಾಯ ಹೊಲಿದ ಕೋಡ್‌ನಲ್ಲೇ ಸೇರಿಹೋಗುತ್ತದೆ, ಬೇರೆ ಬಿಲ್ ಇಲ್ಲ. ನಿಜವಾಗಿ ನಾಳವನ್ನೇ ರಿಪೇರಿ ಮಾಡಿದ್ದರೆ ಕಾಲಿಗೆ 35226. ಬೇರೆ ಕಡೆಯ ವೇನ್ ತಂದು ಕಸಿ ಮಾಡಿದ್ದರೆ 35256.

ಡ್ಯೂಪ್ಲೆಕ್ಸ್ (ರಕ್ತನಾಳದ ಅಲ್ಟ್ರಾಸೌಂಡ್) ರಿಪೋರ್ಟ್‌ನಲ್ಲಿ "ಪಾಪ್ಲಿಟಿಯಲ್ ವೇನ್ ಇಂಜುರಿ ಸಾಧ್ಯತೆ" ಅಂತ ಇದೆ.

ಎರಡು ವಿಷಯ ಇದೆ, ಒಂದಕ್ಕೊಂದು ಕಲಸಬೇಡಿ.

ಒಂದು, "ಸಾಧ್ಯತೆ" ಅನ್ನುವ ಪದ. ಔಟ್‌ಪೇಶಂಟ್‌ನಲ್ಲಿ ಪ್ರಾಬಬಲ್, ಸಸ್ಪೆಕ್ಟೆಡ್, ರೂಲ್ ಔಟ್ ಇವನ್ನು ಖಚಿತ ರೋಗದ ಹಾಗೆ ಕೋಡ್ ಮಾಡುವುದಿಲ್ಲ. ಕಾಲು ನೋವು, ಊತ ಹೀಗೆ ಗೊತ್ತಿದ್ದಷ್ಟಕ್ಕೆ ಹಾಕಬೇಕು. ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರಿಗೆ, ಡಿಸ್ಚಾರ್ಜ್ ಹೊತ್ತಿನಲ್ಲೂ ಡಾಕ್ಟರ್ "ಪ್ರಾಬಬಲ್" ಅಂತಲೇ ಬರೆದಿದ್ದರೆ, ಇದೆ ಅಂತಲೇ ಕೋಡ್ ಮಾಡಬಹುದು.

ಎರಡು, ಅದನ್ನು ಬರೆದದ್ದು ಯಾರು. ಔಟ್‌ಪೇಶಂಟ್‌ನಲ್ಲಿ ರೇಡಿಯಾಲಜಿಸ್ಟ್ ಓದಿದ ಫೈನಲ್ ರಿಪೋರ್ಟ್ ಇದ್ದರೆ, ಅದರಲ್ಲಿ ಖಚಿತವಾದದ್ದನ್ನು ಕೋಡ್ ಮಾಡಬಹುದು. ಅಡ್ಮಿಟ್ ಆದ ಕೇಸ್‌ನಲ್ಲಿ ರಿಪೋರ್ಟ್ ಮಾತ್ರ ಸಾಲದು. ಚಿಕಿತ್ಸೆ ಮಾಡುವ ಡಾಕ್ಟರ್ ಅದಕ್ಕೆ ಅರ್ಥ ಇದೆ ಅಂತ ಬರೆಯಬೇಕು. ರಿಪೋರ್ಟ್‌ನಲ್ಲಿ ವೇನ್ ಹರಿದಿದೆ, ಸರ್ಜನ್ ನೋಟ್‌ನಲ್ಲಿ ಅದರ ಮಾತೇ ಇಲ್ಲ ಅಂದರೆ ಕ್ವೆರಿ ಕಳಿಸುವುದೇ ದಾರಿ.

ವೇರಿಕೋಸ್ ವೇನ್ ಒಡೆದು ರಕ್ತ ಬಂದರೆ ಅದೂ ಗಾಯವೇ ಅಲ್ವಾ?

ತಾನಾಗಿ ಒಡೆದರೆ ಅಲ್ಲ, ಅದು ಕಾಯಿಲೆ. ಐ83ರ ಗುಂಪು, ತೊಡಕಿಗೆ ತಕ್ಕ ಹಾಗೆ ಒಳ ವಿಂಗಡಣೆ. ಕುರ್ಚಿ ಅಂಚು ತಾಗಿ ಆ ಉಬ್ಬಿದ ವೇನ್ ಹರಿದರೆ? ಡಾಕ್ಟರ್ ಗಾಯ ಅಂತ ಬರೆದಿದ್ದಾರೋ, ವೇರಿಕೋಸ್‌ನ ತೊಡಕು ಅಂತ ಬರೆದಿದ್ದಾರೋ ಅದರ ಮೇಲೆ ನಿಂತಿದೆ. ವೇನ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಡಿವಿಟಿ ಐ82.4. ಅದೂ ಗಾಯ ಅಲ್ಲ. ಗಾಯದಿಂದ ಶುರುವಾಗಿದ್ದರೂ ಬೇರೆ ಕೋಡ್ ಬೇಕು. ಬರೀ ಏಟು ಬಿದ್ದು ನೀಲಿಗಟ್ಟಿದ್ದು ಎಸ್80.1, ಅಲ್ಲಿ ಯಾವ ವೇನ್ ಹೆಸರೂ ಬೇಡ.

ಮಂಡಿ ಆಪರೇಷನ್ ಮಾಡುವಾಗ ಸರ್ಜನ್ ಕೈಯಿಂದಲೇ ಪಾಪ್ಲಿಟಿಯಲ್ ವೇನ್ ಕತ್ತರಿಸಿದರೆ?

ಎಸ್85 ಅಲ್ಲ. ಬೇರೆ ಅಂಗದ ಆಪರೇಷನ್ ನಡೆಯುವಾಗ ರಕ್ತನಾಳಕ್ಕೆ ಆಕಸ್ಮಿಕವಾಗಿ ತೂತು ಬಿದ್ದರೆ, ಸೀಳಿದರೆ ಐ97.52. ರಕ್ತನಾಳದ್ದೇ ಆಪರೇಷನ್ ನಡೆಯುವಾಗ ಆದರೆ ಐ97.51. ಆದರೆ ಆಪರೇಷನ್ ನೋಟ್‌ನಲ್ಲಿ ಕತ್ತರಿಸಿದ ಸುದ್ದಿ ಇದೆ ಅಂದ ಮಾತ್ರಕ್ಕೆ ಇದನ್ನು ಹಾಕುವ ಹಾಗಿಲ್ಲ. ಕೆಲವು ಆಪರೇಷನ್‌ನಲ್ಲಿ ವೇನ್ ಕತ್ತರಿಸುವುದೇ ಕೆಲಸ. ಅದು ತೊಡಕು ಅಂತ ಡಾಕ್ಟರ್ ಒಪ್ಪಿ ಬರೆದಿರಬೇಕು. ಈ ಕ್ವೆರಿ ಬರೆಯುವಾಗ ಕೈ ನಡುಗುತ್ತದೆ, ನನಗೂ ನಡುಗುತ್ತದೆ. ಪ್ರೆಸೆಂಟ್ ಆನ್ ಅಡ್ಮಿಷನ್‌ನಲ್ಲಿ (ಅಡ್ಮಿಟ್ ಆಗುವಾಗಲೇ ಇತ್ತೇ ಅನ್ನುವ ಕಾಲಂನಲ್ಲಿ) "ಇಲ್ಲ" ಹೋಗುತ್ತದೆ, ಆಸ್ಪತ್ರೆಯ ಗುಣಮಟ್ಟದ ಲೆಕ್ಕಕ್ಕೆ ಬೀಳುತ್ತದೆ. ಆದರೂ ಕೇಳಲೇಬೇಕು.

ಕ್ವೆರಿ ಹೇಗೆ ಬರೆಯಬೇಕು? ನನ್ನ ಕ್ವೆರಿ "ಲೀಡಿಂಗ್" ಅಂತ ರಿಜೆಕ್ಟ್ ಆಯಿತು.

ಬಹುಶಃ ನೀವು ಹೀಗೆ ಬರೆದಿರುತ್ತೀರಿ: "ಪಾಪ್ಲಿಟಿಯಲ್ ವೇನ್ ಲ್ಯಾಸರೇಷನ್ ಅಂತ ದಯವಿಟ್ಟು ಸೇರಿಸಿ." ಉತ್ತರ ನೀವೇ ಹೇಳಿಕೊಟ್ಟಿರಿ. ಹೀಗೆ ಬರೆಯಿರಿ: "ನಿಮ್ಮ ಆಪರೇಷನ್ ನೋಟ್‌ನಲ್ಲಿ ಎಡ ಮಂಡಿಯ ಹಿಂದೆ ವೇನ್ ರಿಪೇರಿ ಮಾಡಿದ್ದಾಗಿ ಇದೆ. ಡ್ಯೂಪ್ಲೆಕ್ಸ್ ರಿಪೋರ್ಟ್‌ನಲ್ಲಿ ಪಾಪ್ಲಿಟಿಯಲ್ ವೇನ್ ಗೋಡೆ ಹರಿದಿದೆ ಅಂತ ಇದೆ. ರಿಪೇರಿ ಮಾಡಿದ ವೇನ್ ಯಾವುದು, ಗಾಯ ಯಾವ ಬಗೆಯದು ದಯವಿಟ್ಟು ತಿಳಿಸಿ." ಕೆಳಗೆ ಆಯ್ಕೆಗಳು: ಪಾಪ್ಲಿಟಿಯಲ್ ವೇನ್ ಲ್ಯಾಸರೇಷನ್, ಲೆಸ್ಸರ್ ಸಫೀನಸ್ ವೇನ್ ಲ್ಯಾಸರೇಷನ್, ಬೇರೆ, ಹೇಳಲು ಆಗುವುದಿಲ್ಲ. ಆಯ್ಕೆಗಳು ಚಾರ್ಟ್‌ಗೆ ಹೊಂದಬೇಕು. ಕೊನೆಯ ಎರಡು ಇರಲೇಬೇಕು. ದುಡ್ಡಿನ ಮಾತು, ಕೋಡ್ ಬದಲಾದರೆ ಬಿಲ್ ಎಷ್ಟಾಗುತ್ತದೆ ಅನ್ನುವುದು ಅಪ್ಪಿತಪ್ಪಿಯೂ ಬರಬಾರದು.

ಡಾಕ್ಟರುಗಳಿಗೆ ಹೇಳುವುದಾದರೆ, ಏನೇನು ಬರೆದರೆ ನಮ್ಮ ಕೆಲಸ ಸಲೀಸು?

ಯಾವ ವೇನ್, ಪೂರ್ತಿ ಹೆಸರು. ಎಲ್ಲಿ, ತೊಡೆಯೋ ಕೆಳಗಾಲೋ. ಎಡವೋ ಬಲವೋ. ಸೀಳಿದೆಯೋ, ಅರ್ಧವೋ ಪೂರ್ತಿಯೋ, ಜಜ್ಜಿದೆಯೋ. ಇಂಗ್ಲಿಷಿನ "ಲೆಗ್" ಪದವೊಂದನ್ನೇ ನಂಬಬಾರದು. ಅಂಗರಚನೆಯಲ್ಲಿ ಅದು ಮಂಡಿಯಿಂದ ಕೆಳಕ್ಕೆ ಮಾತ್ರ, ಮಾತಿನಲ್ಲಿ ಇಡೀ ಕಾಲು. ನಮ್ಮ "ಕಾಲು" ಅದಕ್ಕಿಂತ ದೊಡ್ಡ ಚೀಲ.

ಜೊತೆಯ ಗಾಯಗಳನ್ನೂ ಬರೆಯಬೇಕು. ಮಂಡಿ ಕೀಲು ತಪ್ಪಿದಾಗ ಹಿಂದಿನ ಪಾಪ್ಲಿಟಿಯಲ್ ನಾಳಗಳಿಗೆ ಏಟು ಬೀಳುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು, ಆದರೆ ನೋಟ್‌ನಲ್ಲಿ ಆರ್ಟರಿ ಮಾತ್ರ ಇರುತ್ತದೆ. ರಕ್ತ ಹೊರಹೋಗಲಾಗದೆ ಕೆಳಗಾಲು ಬಿಗಿದು ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಆಗಿ, ಸರ್ಜನ್ ಚರ್ಮ ಮತ್ತು ಸ್ನಾಯುವಿನ ಸುತ್ತಲಿನ ಪೊರೆ ಸೀಳಿ ಒತ್ತಡ ಇಳಿಸಿರುತ್ತಾರೆ. ಆಪರೇಷನ್ ಹೆಸರು ಬರೆದಿರುತ್ತಾರೆ, ರೋಗದ ಹೆಸರು ಬರೆದಿರುವುದಿಲ್ಲ. ಬರೆದಿದ್ದರೆ ಎಡಗಾಲಿಗೆ ಟಿ79.ಎ22ಎ ಸಿಗುತ್ತಿತ್ತು.

ಎರಡು ವರ್ಷದ ಹಿಂದಿನ ವೇನ್ ಗಾಯ, ಈಗ ಕಾಲು ಊದಿಕೊಳ್ಳುತ್ತದೆ. ಕೋಡ್?

ಈಗಿನ ತೊಂದರೆ ಮೊದಲು, ಹಳೆ ಗಾಯ ಎಸ್ ಜೊತೆಗೆ ಆಮೇಲೆ. ಉದಾಹರಣೆಗೆ, ಬಲ ಪಾಪ್ಲಿಟಿಯಲ್ ವೇನ್ ಸೀಳಿದ್ದರಿಂದ ಈಗ ವೀನಸ್ ಇನ್‌ಸಫಿಷಿಯನ್ಸಿ (ವೇನ್ ರಕ್ತವನ್ನು ಸರಿಯಾಗಿ ಮೇಲಕ್ಕೆ ಕಳಿಸಲಾಗದ ಸ್ಥಿತಿ) ಅಂತ ಡಾಕ್ಟರ್ ಬರೆದಿದ್ದರೆ ಐ87.2, ನಂತರ ಎಸ್85.511ಎಸ್. ಮೊದಲ ಎಸ್ ಗುಂಪಿನದ್ದು, ಕೊನೆಯ ಎಸ್ ಸೀಕ್ವೆಲಾದ್ದು, ಅಂದರೆ ಹಳೆ ಗಾಯ ಬಿಟ್ಟುಹೋದ ತೊಂದರೆಯದ್ದು. ಎಷ್ಟು ವರ್ಷದೊಳಗೆ ಅನ್ನುವ ಗಡುವು ಇಲ್ಲ. ಹಳೆ ಗಾಯಕ್ಕೂ ಈಗಿನ ಊತಕ್ಕೂ ನಂಟು ಇದೆ ಅನ್ನುವುದು ಮಾತ್ರ ಚಾರ್ಟ್‌ನಲ್ಲಿರಬೇಕು.

ಹೋದ ವರ್ಷದ ಪುಸ್ತಕ ಸಾಕಾ?

ಸಾಲದು. ಹೊಸ ಕೋಡ್ ಪ್ರತಿ ಅಕ್ಟೋಬರ್ 1ಕ್ಕೆ, ಕೆಲವು ಸಲ ಏಪ್ರಿಲ್ 1ಕ್ಕೂ. ಅಡ್ಮಿಟ್ ಆದವರಿಗೆ ಡಿಸ್ಚಾರ್ಜ್ ದಿನಾಂಕ ನೋಡಿ, ಔಟ್‌ಪೇಶಂಟ್‌ಗೆ ಸೇವೆ ಕೊಟ್ಟ ದಿನಾಂಕ.

ನಮ್ಮ ಊರಿನ ಆಸ್ಪತ್ರೆಗೂ ಇದೇ ಕೋಡ್ ನಡೆಯುತ್ತದಾ?

ಇಲ್ಲ. ಐಸಿಡಿ-10-ಸಿಎಂ ಅಮೆರಿಕದವರು ತಮಗಾಗಿ ಹಿಗ್ಗಿಸಿಕೊಂಡದ್ದು. ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಐಸಿಡಿ-10ರಲ್ಲಿ ಕೆಳಗಾಲಿನ ಗ್ರೇಟರ್ ಸಫೀನಸ್ ಗಾಯ ಎಸ್85.3ಕ್ಕೆ ನಿಲ್ಲುತ್ತದೆ. ಎಡ ಬಲ ಇಲ್ಲ, ಎ, ಡಿ, ಎಸ್ ಇಲ್ಲ. ಇಲ್ಲಿನ ಆರೋಗ್ಯ ವಿಮೆಯ ಕ್ಲೇಮ್ ಫಾರಂನಲ್ಲಿ ಆಸ್ಪತ್ರೆ ತುಂಬುವ ಭಾಗದಲ್ಲಿ ಐಸಿಡಿ-10 ಕೋಡ್‌ಗೆ ಜಾಗ ಇದೆ. ನನ್ನ ಸಂಬಂಧಿಕರೊಬ್ಬರು ಬೈಕಿನಿಂದ ಬಿದ್ದು ಮೀನಖಂಡ ಸೀಳಿಕೊಂಡಾಗ ಆ ಫಾರಂ ನನ್ನ ಕೈಗೆ ಬಂತು. ರೋಗದ ಸಾಲಿನಲ್ಲಿ "ಇಂಜುರಿ ಲೆಗ್" ಅಂತ ಇತ್ತು, ಕೋಡ್ ಜಾಗ ಖಾಲಿ. ಬಿಲ್ಲಿಂಗ್ ಕೌಂಟರಿನ ಹುಡುಗನನ್ನು ಕೇಳಿದೆ. "ಮೇಡಂ, ಅದು ಯಾರೂ ನೋಡಲ್ಲ" ಅಂದ. ಡಿಸ್ಚಾರ್ಜ್ ಸಮ್ಮರಿ ತೆಗೆಸಿ ನೋಡಿದರೆ ಅಲ್ಲೂ ವೇನ್ ಹೆಸರಿರಲಿಲ್ಲ, ಯಾವ ಕಾಲು ಅಂತಲೂ ಇರಲಿಲ್ಲ. ಡ್ಯೂಟಿ ಡಾಕ್ಟರಿಗೆ ಹೇಳಿ ಬಲಗಾಲು, ಲಾಂಗ್ ಸಫೀನಸ್ ಅಂತ ಬರೆಸಿ, ಸಹಿ ಹಾಕಿಸಿಕೊಂಡೇ ಮನೆಗೆ ಹೋದದ್ದು.